ಪರ್ಲ್ ಬಕ್ ಎಂಬ ತಾಯಿ

ಶಾಲೆಯ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಪರೀಕ್ಷೆಗಳಲ್ಲಿಯೂ ಆಟೋಟಗಳಲ್ಲಿಯೂ ಮೊದಲಿಗರಾದ ಬಾಲಿಕೆಯರ ಹೆಸರುಗಳು ಅಚ್ಚಾಗುವುವು. ಅದು ಯುಕ್ತವೇ ಸರಿ. ಆದರೆ ಯಾವ ಪಟ್ಟಿಯಲ್ಲಿಯೂ ಹೆಸರು ಬಾರದ ಮಕ್ಕಳೂ, ಅವರನ್ನು ಸಾಕುವ ತಾಯಂದಿರೂ ಲೋಕದಲ್ಲಿ ಅನೇಕರಿರುವರು. ಅಂತಹ ಒಬ್ಬ ತಾಯಿಯ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಇಲ್ಲಿ ಸಂಗ್ರಹವಾಗಿ ತಿಳಿಸಬಯಸುತ್ತೇನೆ.

ಪರ್ಲ್ ಬಕ್ ಅವರು 1892ನೆಯ ಇಸವಿ ಜೂನ್ 26ರಂದು ಅಮೇರಿಕದ ವೆಸ್ಟ್ ವರ್ಜೀನಿಯಾ ಸಂಸ್ಥಾನದಲ್ಲಿ ಜನಿಸಿದರು. ತಂದೆತಾಯಿಗಳಿಬ್ಬರೂ ಚೀನಾ ದೇಶದಲ್ಲಿ ಮಿಷನರಿಗಳಾಗಿದ್ದುದರಿಂದ ಇವರು ಎಳೆಗೂಸಾಗಿರುವಾಗಲೇ ಅಲ್ಲಿಗೆ ಹೋಗಿ, ಯಾಂಗ್‌ಟ್ಸೆ ನದೀತೀರದ ಝೆನ್‌ಜಿಯಾಂಗ್ ಪಟ್ಟಣದಲ್ಲಿ ಬೆಳೆದರು. 1914ರಲ್ಲಿ ಅಮೇರಿಕದ ಮಹಿಳಾ ಕಾಲೇಜೊಂದರಲ್ಲಿ ಪದವಿ ಪಡೆದು ಚೀನಾಕ್ಕೆ ಹಿಂದಿರುಗಿ, 1917ರಲ್ಲಿ ಜಾನ್ ಲಾಸಿಂಗ್ ಬಕ್ ಎಂಬ ಕೃಷಿ ಪಂಡಿತರನ್ನು ವಿವಾಹವಾದರು.

1920ರಲ್ಲಿ ಇವರಿಗೆ ಕ್ಯಾರೊಲ್ ಎಂಬ ಹೆಣ್ಣುಮಗು ಹುಟ್ಟಿತು. ಹೆರಿಗೆಯ ತರುವಾಯ ಶಸ್ತ್ರಚಿಕಿತ್ಸೆಯಾದುದರಿಂದ ತಾಯಿಗೆ ಮತ್ತೆ ಮಕ್ಕಳಾಗುವ ಆಸೆ ಉಳಿಯಲಿಲ್ಲ. ಮಗು ನೀಲಿ ಕಣ್ಣುಗಳ ಚೆಲುವೆ. ಆದರೆ ಅದರ ಮೈಮೇಲೆ ಇಸಬು ಎದ್ದು ಬಹಳವಾಗಿ ಬಾಧಿಸುತ್ತಿತ್ತು. ಮೂರು ವರ್ಷ ತುಂಬಿದರೂ ಮಾತು ಬರಲಿಲ್ಲ. ಕೆಲವು ಮಕ್ಕಳಿಗೆ ಮಾತು ತಡವಾಗಿ ಬರುವುದೆಂದು ನೆರೆಹೊರೆಯವರು ಸಮಾಧಾನ ಹೇಳಿದರು. ತಾಯಿಯೂ ಹಾಗೆಯೇ ನಂಬಲು ಯತ್ನಿಸಿದರು. ಹೀಗಿರಲು ಅಮೇರಿಕಕ್ಕೆ ಹೋಗಿ, ಮಗುವನ್ನೆತ್ತಿಕೊಂಡು ಒಬ್ಬ ವೈದ್ಯರಿಂದ ಇನ್ನೊಬ್ಬ ವೈದ್ಯರಲ್ಲಿಗೆ ಅಲೆದರು. ಕಡೆಗೆ ಮಿನ್ನೆಸೋಟದ ಪ್ರಸಿದ್ಧವಾದ ಮೇಯೋ ಚಿಕಿತ್ಸಾಲಯದಲ್ಲಿ ಹಿರಿಯ ವೈದ್ಯರು ಸ್ವಲ್ಪ ಭರವಸೆಯ ಮಾತಾಡಿ ಕಳುಹಿಸಿದರು. ಅವರು ಹೊರಗೆ ಬರುತ್ತಿರುವಾಗ ಮತ್ತೊಬ್ಬ ವೈದ್ಯರು ತಡೆದು, ಈ ಮಗುವಿನ ಬುದ್ಧಿಯು ಎಂದಿಗೂ ಪೂರ್ಣವಾಗಿ ಬೆಳೆಯದೆಂದು ನಿರ್ದಾಕ್ಷಿಣ್ಯವಾಗಿ ತಿಳಿಸಿದರು. ಆ ಮಾತು ಎದೆಯನ್ನು ಸೀಳಿದರೂ, ಸತ್ಯವನ್ನು ಹೇಳಿದ ಆ ಮನುಷ್ಯನನ್ನು ಪರ್ಲ್ ಬಕ್ ಅವರು ಜೀವಮಾನವೆಲ್ಲ ಕೃತಜ್ಞತೆಯಿಂದ ನೆನೆದರು.

ಆದರೂ ತಾಯಿಯ ಹಟ ಕುಗ್ಗಲಿಲ್ಲ. ಮಗುವಿಗೆ ತಾವೇ ಪಾಠ ಹೇಳಿಕೊಡಲು ತೊಡಗಿದರು. ಬಣ್ಣಗಳನ್ನು ಗುರುತಿಸುವುದು, ಹಾಡುವುದು, ಸಣ್ಣ ವಾಕ್ಯಗಳನ್ನು ಓದುವುದು ಬಹು ಕಷ್ಟದಿಂದ ಸಾಧ್ಯವಾಯಿತು. ಬಳಿಕ ಬರವಣಿಗೆ ಮೊದಲಾಯಿತು. ಒಂದು ದಿನ ಮಗುವಿನ ಕೈಹಿಡಿದು ಅಕ್ಷರ ತಿದ್ದಿಸುತ್ತಿರುವಾಗ ಆ ಪುಟ್ಟ ಕೈ ಬೆವರಿನಿಂದ ತೊಯ್ದಿರುವುದು ತಾಯಿಗೆ ತಿಳಿಯಿತು. ಬೆರಳುಗಳನ್ನು ಬಿಡಿಸಿ ನೋಡಿದರೆ ಅಂಗೈಯೆಲ್ಲ ಒದ್ದೆ. ಮಗುವಿಗೆ ಆ ಅಕ್ಷರಗಳ ಅರ್ಥವೇ ಆಗುತ್ತಿರಲಿಲ್ಲ. ಅಮ್ಮನು ಸಂತೋಷಪಡಲೆಂದು ಮಾತ್ರ ಶಕ್ತಿಮೀರಿ ಶ್ರಮಿಸುತ್ತಿತ್ತು. ಅಂದೇ ತಾಯಿಯು ಪುಸ್ತಕಗಳನ್ನು ಕಟ್ಟಿಟ್ಟರು. ಮಗುವು ಏನನ್ನು ಕಲಿಯಬೇಕೆಂಬ ಚಿಂತೆಯನ್ನು ಬಿಟ್ಟು, ಅದು ಹೇಗೆ ಸುಖವಾಗಿರಬಲ್ಲದೆಂಬ ಚಿಂತೆಯನ್ನು ಕೈಗೊಂಡರು. ಇಪ್ಪತ್ತು ವರ್ಷ ಉಪಾಧ್ಯಾಯಿನಿಯಾಗಿರುವ ನನಗೆ ಈ ಸಂಗತಿಯನ್ನು ಓದುವಾಗಲೆಲ್ಲ ನಾನು ತಿದ್ದಿಸಿದ ಕೈಗಳು ನೆನಪಿಗೆ ಬರುವುವು. ಅವುಗಳಲ್ಲಿ ಎಷ್ಟು ಕೈಗಳು ಹೀಗೆ ಬೆವರಿದ್ದುವೋ ನಾನು ಬಿಡಿಸಿ ನೋಡಲಿಲ್ಲ.

ತಮ್ಮ ಕಾಲಾನಂತರ ಈ ಮಗುವನ್ನು ನೋಡಿಕೊಳ್ಳುವವರು ಯಾರೆಂಬ ಭಯವು ಈ ತಾಯಿಯನ್ನು ಬಹಳವಾಗಿ ಕಾಡಿತು. ಆದುದರಿಂದ 1929ರಲ್ಲಿ ನ್ಯೂಜರ್ಸಿ ಸಂಸ್ಥಾನದ ವೈನ್‌ಲ್ಯಾಂಡ್ ತರಬೇತಿ ಶಾಲೆಯಲ್ಲಿ, ಅಂತಹ ಮಕ್ಕಳ ನಡುವೆ, ಒಂಬತ್ತು ವರ್ಷದ ಮಗಳನ್ನು ಬಿಟ್ಟು ಚೀನಾಕ್ಕೆ ಮರಳಿದರು. ಆ ಅಗಲಿಕೆಯ ಸಂಕಟ ಹೇಳತೀರದು. ಅಲ್ಲಿಯ ವೆಚ್ಚಕ್ಕೆ ಸಾಲ ಮಾಡಬೇಕಾಯಿತು. ಮಗಳ ಜೀವಮಾನದ ಪೋಷಣೆಗೆ ಹಣ ಬೇಕೆಂದೇ ಇವರು ಬರವಣಿಗೆಗೆ ಕುಳಿತರು. 1931ರಲ್ಲಿ ಪ್ರಕಟವಾದ ದಿ ಗುಡ್ ಅರ್ತ್ ಕಾದಂಬರಿಗೆ ಮರುವರ್ಷವೇ ಪುಲಿಟ್ಜರ್ ಬಹುಮಾನ ಬಂದಿತು. 1938ರಲ್ಲಿ ನೊಬೆಲ್ ಪಾರಿತೋಷಕವೂ ಲಭಿಸಿತು. ಸಾಹಿತ್ಯಕ್ಕಾಗಿ ಅದನ್ನು ಪಡೆದ ಅಮೇರಿಕದ ಮಹಿಳೆಯರಲ್ಲಿ ಇವರೇ ಮೊದಲಿಗರು. ಆ ಕಾದಂಬರಿಯ ರೈತನಿಗೆ ಬುದ್ಧಿ ಬೆಳೆಯದ ಒಬ್ಬ ಮಗಳಿರುವಳು. ಅವಳನ್ನು ಆತನು ಮುಪ್ಪಿನವರೆಗೂ ಕೈಬಿಡುವುದಿಲ್ಲ. ಓದಿದ ಲಕ್ಷಾಂತರ ಜನರಿಗೆ ಆ ಹುಡುಗಿ ಯಾರೆಂದು ತಿಳಿದಿರಲಿಲ್ಲ. ಏಕೆಂದರೆ ಪರ್ಲ್ ಬಕ್ ಅವರು ಕ್ಯಾರೊಲಳ ವಿಷಯವನ್ನು ಬಹಳ ವರ್ಷ ಲೋಕದಿಂದ ಮರೆಮಾಡಿದ್ದರು. 1950ರಲ್ಲಿ ಮಾತ್ರ ಧೈರ್ಯ ತಂದುಕೊಂಡು ಎಲ್ಲವನ್ನೂ ಬರೆದು ಪ್ರಕಟಿಸಿದರು. ಅದನ್ನು ಓದಿದ ಅನೇಕ ತಂದೆತಾಯಿಗಳು ತಮ್ಮ ಮನೆಯಲ್ಲಿಯೂ ಅಂತಹ ಮಗುವಿದೆಯೆಂದು ಅವರಿಗೆ ಪತ್ರ ಬರೆದರು.

ಕ್ಯಾರೊಲಳ ವ್ಯಾಧಿಯ ಹೆಸರು ಬಹುಕಾಲದ ತರುವಾಯ ತಿಳಿಯಿತು: ಫಿನೈಲ್‌ಕೀಟೋನ್ಯೂರಿಯಾ. ಆಹಾರದ ಸಸಾರಜನಕದಲ್ಲಿರುವ ಫಿನೈಲ್‌ಅಲನೈನ್ ಎಂಬ ವಸ್ತುವನ್ನು ದೇಹವು ಪರಿವರ್ತಿಸಲಾರದೆ, ಅದು ರಕ್ತದಲ್ಲಿ ಹೆಚ್ಚಿ ಎಳೆಯ ಮೆದುಳನ್ನು ಕೆಡಿಸುವುದು. ತಾವು ಆರೋಗ್ಯವಾಗಿಯೇ ಇರುವ ತಂದೆತಾಯಿಗಳಿಬ್ಬರಿಂದಲೂ ದೋಷವು ಬಂದು ಕೂಡಿದರೆ ಮಾತ್ರ ಮಗುವಿಗೆ ಈ ವ್ಯಾಧಿಯುಂಟಾಗುವುದು. ಆದುದರಿಂದ ತಾಯಿಯೊಬ್ಬಳನ್ನೇ ದೂರುವುದು ಅನ್ಯಾಯ, ಅಜ್ಞಾನ. 1934ರಲ್ಲಿ ನಾರ್ವೆ ದೇಶದ ಫೋಲಿಂಗ್ ಎಂಬ ವೈದ್ಯರು ಇದನ್ನು ಕಂಡುಹಿಡಿದರು; ಇಬ್ಬರು ಮಕ್ಕಳ ತಾಯಿಯೊಬ್ಬಳು ಬಿಡದೆ ಕಾರಣವನ್ನು ಹುಡುಕಿಕೊಂಡು ಬಂದುದೇ ಅದಕ್ಕೆ ನಿಮಿತ್ತ. 1953ರಲ್ಲಿ ಬಿಕೆಲ್ ಎಂಬವರು ಪಥ್ಯಾಹಾರದಿಂದ ಪ್ರಯೋಜನವಾಗುವುದನ್ನು ತೋರಿಸಿದರು. 1960ರ ದಶಕದ ಆರಂಭದಲ್ಲಿ ಗಥ್ರಿ ಎಂಬವರು, ನವಜಾತ ಶಿಶುವಿನ ಹಿಮ್ಮಡಿಯ ಕೆಲವು ಹನಿ ರಕ್ತದಿಂದಲೇ ರೋಗವನ್ನು ಗುರುತಿಸುವ ಕ್ರಮವನ್ನು ಆರಂಭಿಸಿದರು. ಅವರ ಮಗನೂ ಬುದ್ಧಿಯ ಬೆಳವಣಿಗೆ ಕುಂಠಿತವಾದವನೇ. ಈಗ ಹುಟ್ಟಿದ ಕೆಲವೇ ದಿನಗಳಲ್ಲಿ ಪಥ್ಯ ಹಿಡಿದರೆ ಅಂತಹ ಮಗು ಇತರರಂತೆಯೇ ಬೆಳೆಯಬಲ್ಲದು. ಕ್ಯಾರೊಲಳಿಗೆ ಈ ತಿಳಿವಳಿಕೆ ತಡವಾಗಿ ಬಂದಿತು.

ಪರ್ಲ್ ಬಕ್ ಅವರು 1973ರ ಮಾರ್ಚಿ 6ರಂದು ತೀರಿಕೊಂಡರು. ಸಂಗೀತವನ್ನು ಬಹಳ ಪ್ರೀತಿಸುತ್ತಿದ್ದ ಕ್ಯಾರೊಲ್ ವೈನ್‌ಲ್ಯಾಂಡಿನಲ್ಲಿಯೇ ಬಾಳಿ 1992ರಲ್ಲಿ ಮೃತಳಾದಳು. ತಾಯಿಯ ಭಯವು ನಿಜವಾಗಲಿಲ್ಲ. ಮಗಳಿಗೆ ಕೊನೆಯವರೆಗೂ ಆಶ್ರಯವಿತ್ತು.

ಇಂದು ಅಂತಹ ಮಕ್ಕಳನ್ನು ಮನೆಯಲ್ಲಿಯೇ ಇಟ್ಟುಕೊಂಡು ಸಾಕುವುದಕ್ಕೆ ಮೊದಲಿಗಿಂತ ಹೆಚ್ಚಿನ ಅನುಕೂಲಗಳಿವೆ. ಆದರೆ ನೆಂಟರ ಕಣ್ಣು ತಪ್ಪಿಸಿ ಮಗುವನ್ನು ಒಳಕೋಣೆಯಲ್ಲಿಡುವ ವಾಡಿಕೆ ಇನ್ನೂ ಪೂರ್ತಿ ಹೋಗಿಲ್ಲ. ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಯಾರ ಮಡಿಲಲ್ಲಾದರೂ ಅಂತಹ ಮಗುವಿದ್ದರೆ, ಶಾಲೆಯ ಸಮಾರಂಭಕ್ಕೆ ಬರುವಾಗ ಅದನ್ನು ಮನೆಯಲ್ಲಿ ಬಿಟ್ಟು ಬರಬೇಡಿರಿ. ಅದರ ಕೈಹಿಡಿದುಕೊಂಡೇ ಬನ್ನಿರಿ.