ಓದಿನ ಪಂಥ: ಬೆಂಜಮಿನ್ ಫ್ರಾಂಕ್ಲಿನ್ನನ ಚರಿತ್ರೆಯಿಂದ ಒಂದು ಪಾಠ

ವರ್ಷಾರಂಭದಲ್ಲಿ ಇಷ್ಟು ಪುಸ್ತಕಗಳನ್ನು ಓದಿ ಮುಗಿಸುವೆವೆಂದು ಪಂಥ ಕಟ್ಟುವವರು ಈಗ ನಮ್ಮಲ್ಲಿಯೂ ಉಂಟು. ತಿಂಗಳಿಗೊಂದರಂತೆ ಹನ್ನೆರಡು ಸಾಕೆನ್ನುವವರು ಕೆಲವರು. ಐವತ್ತಕ್ಕೆ ಕಡಮೆಯಾದರೆ ಅದು ಓದೇ ಅಲ್ಲವೆನ್ನುವವರು ಕೆಲವರು. ಓದೆಂಬುದು ಮನಸ್ಸಿನ ಸಂತೋಷಕ್ಕಾಗಿ ಇರತಕ್ಕದ್ದು, ಅದನ್ನು ಎಣಿಕೆಯ ಹಗ್ಗದಿಂದ ಕಟ್ಟುವುದು ಹುಡುಗಾಟವೆಂದು ಹಳಿಯುವವರೂ ಇಲ್ಲದಿಲ್ಲ. ಈ ಎರಡು ಪಕ್ಷಗಳ ನಡುವೆ ನ್ಯಾಯ ಹೇಳುವುದಕ್ಕೆ ಮುಂಚೆ, ಜೀವಮಾನವೆಲ್ಲ ಓದಿನ ಪಂಥವನ್ನು ತನ್ನೊಡನೆಯೂ ತನ್ನ ಗೆಳೆಯರೊಡನೆಯೂ ಕಟ್ಟಿ ಗೆದ್ದ ಒಬ್ಬ ಮಹಾಪುರುಷನ ಚರಿತ್ರೆಯನ್ನು ವಾಚಕರ ಮುಂದಿಡುವುದು ಯುಕ್ತವೆಂದು ನಮಗೆ ತೋರುತ್ತದೆ. ಆತನೇ ಬೆಂಜಮಿನ್ ಫ್ರಾಂಕ್ಲಿನ್ನನು. ಮಿಂಚು ವಿದ್ಯುಚ್ಛಕ್ತಿಯೇ ಎಂದು ತೋರಿಸಿಕೊಟ್ಟವನೆಂದೂ, ಅಮೆರಿಕದ ಸ್ವಾತಂತ್ರ್ಯವನ್ನು ಸಾಧಿಸಿದವರಲ್ಲಿ ಒಬ್ಬನೆಂದೂ ಆತನನ್ನು ಶಾಲೆಯ ಬಾಲಕರೂ ಬಲ್ಲರು. ಆದರೆ ಈ ಎರಡು ಕೀರ್ತಿಗಳಿಗೂ ತಳಹದಿಯಾಗಿದ್ದುದು ಆತನ ಓದು ಎಂಬುದನ್ನು ಬಲ್ಲವರು ಕಡಮೆ.

ಫ್ರಾಂಕ್ಲಿನ್ನನು 1706ನೆಯ ಇಸವಿಯ ಜನವರಿ 17ರಂದು ಬಾಸ್ಟನ್ ನಗರದಲ್ಲಿ ಹುಟ್ಟಿದನು. ತಂದೆಯು ಸಾಬೂನನ್ನೂ ದೀಪದ ಬತ್ತಿಗಳನ್ನೂ ಮಾಡಿ ಮಾರುವ ಕಸಬಿನವನು. ಮನೆಯಲ್ಲಿ ಒಟ್ಟು ಹದಿನೇಳು ಮಕ್ಕಳು. ಗಂಡುಮಕ್ಕಳಲ್ಲಿ ಈತನೇ ಕಡೆಯವನು. ಇಂಥ ಸಂಸಾರದಲ್ಲಿ ಹುಡುಗನಿಗೆ ಎರಡು ವರ್ಷಗಳ ಶಾಲೆಯ ವಿದ್ಯೆ ದೊರೆತುದೇ ಹೆಚ್ಚು. ಹತ್ತನೆಯ ವಯಸ್ಸಿಗೆ ಶಾಲೆ ಬಿಟ್ಟು ತಂದೆಯ ಕಸಬಿಗೆ ಕೈ ಹಚ್ಚಬೇಕಾಯಿತು. ಮಗನಿಗೆ ಪುಸ್ತಕದ ಹುಚ್ಚು ಎಂಬುದನ್ನು ಕಂಡ ತಂದೆಯು ಹನ್ನೆರಡನೆಯ ವಯಸ್ಸಿನಲ್ಲಿ ಆತನನ್ನು ಅಚ್ಚುಕೂಟ ನಡೆಯಿಸುತ್ತಿದ್ದ ಅಣ್ಣನಾದ ಜೇಮ್ಸನ ಬಳಿ ಉಮೇದುವಾರನನ್ನಾಗಿ ಇಟ್ಟನು. ಓದುವ ಹುಡುಗನಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಆ ಊರಿನಲ್ಲಿ ಇರಲಿಲ್ಲವೆಂದು ಹೇಳಬಹುದು.

ಕೈಗೆ ಬಂದ ಪುಡಿಕಾಸೆಲ್ಲ ಪುಸ್ತಕಕ್ಕೆ ಹೋಗುತ್ತಿತ್ತು. ಮೊದಲು ಕೂಡಿಸಿದ್ದು ಬನ್ಯನ್ನನ ಗ್ರಂಥಗಳ ಸಣ್ಣ ಸಂಪುಟಗಳು. ಅವನ್ನು ಓದಿ ಮುಗಿಸಿ, ಮಾರಿ, ಬಂದ ಹಣದಿಂದ ಇತಿಹಾಸದ ನಲವತ್ತು ಐವತ್ತು ಸಣ್ಣ ಅಗ್ಗದ ಪುಸ್ತಕಗಳನ್ನು ಕೊಂಡನು. ತಂದೆಯ ಕಪಾಟಿನಲ್ಲಿದ್ದ ಪ್ಲೂಟಾರ್ಕನ ಮಹಾಪುರುಷರ ಚರಿತ್ರೆಗಳನ್ನು ಓದಿದನು. ಅಚ್ಚುಕೂಟಕ್ಕೆ ಬಂದ ಮೇಲೆ ಪುಸ್ತಕದ ಅಂಗಡಿಗಳಲ್ಲಿ ಕೆಲಸಕ್ಕಿದ್ದ ಹುಡುಗರ ಸ್ನೇಹವಾಯಿತು. ಸಂಜೆ ಅಂಗಡಿಯಿಂದ ತಂದ ಪುಸ್ತಕವನ್ನು ಬೆಳಗಾಗುವುದರೊಳಗೆ, ಮಾಲೀಕನಿಗೆ ತಿಳಿಯದಂತೆ, ಕಲೆಯಾಗದಂತೆ ಹಿಂದಿರುಗಿಸಬೇಕು. ಆದುದರಿಂದ ರಾತ್ರಿಯ ಬಹುಭಾಗ ದೀಪದ ಮುಂದೆ ಕಳೆಯುತ್ತಿತ್ತು. ವಾಚಕರು ಗಮನಿಸಬೇಕು: ಒಂದು ರಾತ್ರಿಗೆ ಒಂದು ಪುಸ್ತಕವೆಂಬ ಈ ನಿಯಮವನ್ನು ಯಾವ ಗುರುವೂ ವಿಧಿಸಿದ್ದಲ್ಲ, ಬಡತನವೇ ಆತನಿಗೆ ಕಟ್ಟಿದ ಮೊದಲನೆಯ ಪಂಥವದು.

ಎರಡನೆಯದನ್ನು ಆತನೇ ಕಟ್ಟಿಕೊಂಡನು. ಹದಿನಾರರ ವಯಸ್ಸಿನಲ್ಲಿ, ಮಾಂಸಾಹಾರವನ್ನು ಬಿಡುವುದೇ ಲೇಸೆಂದು ಹೇಳುವ ಪುಸ್ತಕವೊಂದು ಆತನ ಕೈಗೆ ಬಂತು. ಆತನು ಅದರಂತೆ ನಡೆದು, ತನ್ನ ಊಟಕ್ಕಾಗಿ ಅಣ್ಣನು ವಾರವಾರವೂ ತೆರುತ್ತಿದ್ದ ಹಣದಲ್ಲಿ ಅರ್ಧವನ್ನು ತನ್ನ ಕೈಗೆ ಕೊಟ್ಟರೆ ತನ್ನ ಊಟವನ್ನು ತಾನೇ ನೋಡಿಕೊಳ್ಳುವುದಾಗಿ ಒಪ್ಪಂದ ಮಾಡಿಕೊಂಡನು. ಆ ಅರ್ಧದಲ್ಲಿ ಮತ್ತೆ ಅರ್ಧ ಉಳಿಯಿತು, ಉಳಿದುದು ಪುಸ್ತಕಕ್ಕೆ. ಉಳಿದವರು ಊಟಕ್ಕೆ ಹೋದಾಗ ಈತನು ಅಚ್ಚುಕೂಟದಲ್ಲಿಯೇ ಕುಳಿತು ಒಂದು ತುಂಡು ರೊಟ್ಟಿ, ಒಂದು ಹಿಡಿ ಒಣದ್ರಾಕ್ಷಿ, ಒಂದು ಲೋಟ ನೀರಿನಿಂದ ಹಸಿವನ್ನಡಗಿಸಿ ಮಿಕ್ಕ ಹೊತ್ತೆಲ್ಲ ಓದುತ್ತಿದ್ದನು. ಶಾಲೆಯಲ್ಲಿ ಎರಡು ಸಾರಿ ಸೋತಿದ್ದ ಗಣಿತವನ್ನು ಒಂದು ಪುಸ್ತಕದ ಸಹಾಯದಿಂದ ತಾನೇ ಕಲಿತುದೂ ಈ ಕಾಲದಲ್ಲಿಯೇ.

ಓದಿದುದು ಮನಸ್ಸಿನಲ್ಲಿ ನಿಂತಿತೇ ಇಲ್ಲವೇ ಎಂಬುದನ್ನು ಪರೀಕ್ಷಿಸುವುದಕ್ಕೂ ಆತನು ಉಪಾಯ ಹೂಡಿದನು. ಲಂಡನ್ನಿನ ಸ್ಪೆಕ್ಟೇಟರ್ ಪತ್ರಿಕೆಯ ಲೇಖನಗಳ ಒಂದು ಸಂಪುಟ ದೊರೆತಾಗ, ಪ್ರತಿಯೊಂದು ವಾಕ್ಯದ ಭಾವವನ್ನು ಒಂದೆರಡು ಮಾತುಗಳಲ್ಲಿ ಗುರುತು ಹಾಕಿಕೊಂಡು, ಕೆಲವು ದಿನ ಬಿಟ್ಟು, ಪುಸ್ತಕವನ್ನು ನೋಡದೆ ಆ ಲೇಖನವನ್ನು ತನ್ನ ಮಾತಿನಲ್ಲಿ ಬರೆದು, ಮೂಲದೊಡನೆ ಹೋಲಿಸಿ ತಪ್ಪುಗಳನ್ನು ತಿದ್ದಿಕೊಳ್ಳುತ್ತಿದ್ದನು. ಕಥೆಯನ್ನು ಪದ್ಯವಾಗಿ ಮಾಡಿ, ಮರೆತ ಮೇಲೆ ಮತ್ತೆ ಗದ್ಯಕ್ಕೆ ತಿರುಗಿಸುತ್ತಿದ್ದನು. ಇದೆಲ್ಲವೂ ಕೆಲಸ ಮುಗಿದ ಮೇಲಿನ ರಾತ್ರಿಗಳಲ್ಲಿ, ಕೆಲಸಕ್ಕೆ ಮುಂಚಿನ ಬೆಳಗುಗಳಲ್ಲಿ, ಭಾನುವಾರಗಳಲ್ಲಿ.

1723ರಲ್ಲಿ ಅಣ್ಣನೊಡನೆ ಮನಸ್ತಾಪವಾಗಿ ಫ್ರಾಂಕ್ಲಿನ್ನನು ಫಿಲಡೆಲ್ಫಿಯಾ ನಗರಕ್ಕೆ ಓಡಿಹೋದನು. ಮರುವರ್ಷ ಲಂಡನ್ನಿಗೆ ಹೋಗಿ ಅಲ್ಲಿಯ ಅಚ್ಚುಕೂಟಗಳಲ್ಲಿ ದುಡಿದನು. ಬಿಡಾರದ ಪಕ್ಕದಲ್ಲಿಯೇ ಹಳೆಯ ಪುಸ್ತಕಗಳ ದೊಡ್ಡ ಅಂಗಡಿಯೊಂದಿತ್ತು. ಎರವಲು ಕೊಡುವ ಪುಸ್ತಕಾಲಯಗಳು ಅಲ್ಲಿ ಇನ್ನೂ ರೂಢಿಗೆ ಬಾರದ ಕಾಲವದು. ಅಂಗಡಿಯವನೊಡನೆ ಕರಾರು ಮಾಡಿಕೊಂಡು, ಬೇಕಾದ ಪುಸ್ತಕವನ್ನು ಒಯ್ದು ಓದಿ ಹಿಂದಿರುಗಿಸುತ್ತಿದ್ದನು. 1726ರಲ್ಲಿ ಫಿಲಡೆಲ್ಫಿಯಾಕ್ಕೆ ಮರಳಿದನು. ಅಲ್ಲಿಯವರೆಗೆ ಒಬ್ಬಂಟಿಯಾಗಿ ನಡೆದಿದ್ದ ಪಂಥವು ಅಲ್ಲಿಂದ ಮುಂದೆ ಹಲವರದಾಯಿತು.

1727ರಲ್ಲಿ ಆತನು ತನ್ನ ಸ್ನೇಹಿತರನ್ನು ಕೂಡಿಸಿ ಜಂಟೋ ಎಂಬ ಕೂಟವನ್ನು ಸ್ಥಾಪಿಸಿದನು. ಅದರಲ್ಲಿ ಸೇರಿದವರು ದೊಡ್ಡ ಮನುಷ್ಯರಲ್ಲ; ದಸ್ತಾವೇಜು ಬರೆಯುವವನೊಬ್ಬ, ಕಿಟಕಿಗೆ ಗಾಜು ಕೂಡಿಸುವವನೊಬ್ಬ, ಪಾದರಕ್ಷೆ ಹೊಲಿಯುವವನೊಬ್ಬ, ಬಡಗಿಯೊಬ್ಬ, ಭೂಮಿಯನ್ನು ಅಳೆಯುವವನೊಬ್ಬ, ಅಂಗಡಿಯ ಗುಮಾಸ್ತನೊಬ್ಬ. ಹನ್ನೆರಡು ಜನಕ್ಕೆ ಮೀರಕೂಡದೆಂದು ನಿಯಮ. ಪ್ರತಿ ಶುಕ್ರವಾರ ಸಂಜೆ ಸಭೆ. ಪ್ರತಿಯೊಬ್ಬ ಸದಸ್ಯನೂ ಸರದಿಯಂತೆ ನೀತಿ, ರಾಜಕಾರಣ ಅಥವಾ ಪ್ರಕೃತಿಶಾಸ್ತ್ರಕ್ಕೆ ಸಂಬಂಧಿಸಿದ ಪ್ರಶ್ನೆಯೊಂದನ್ನು ಚರ್ಚೆಗೆ ತರಬೇಕು. ಮೂರು ತಿಂಗಳಿಗೊಮ್ಮೆ ಸ್ವಂತವಾಗಿ ಬರೆದ ಪ್ರಬಂಧವನ್ನು ಓದಬೇಕು. ತನ್ನದೇ ಸರಿಯೆಂದು ಹಟ ಹಿಡಿದು ಮಾತಾಡಿದವನಿಗೂ ಮತ್ತೊಬ್ಬನ ಮಾತನ್ನು ಮುಖ ಮುರಿದಂತೆ ಖಂಡಿಸಿದವನಿಗೂ ಸಣ್ಣದೊಂದು ಜುಲ್ಮಾನೆ.

ಪ್ರತಿ ಸಭೆಯಲ್ಲಿಯೂ ಸದಸ್ಯರ ಮುಂದಿಡುವ 24 ಪ್ರಶ್ನೆಗಳ ಒಂದು ಪಟ್ಟಿಯಿತ್ತು. ಅವುಗಳಲ್ಲಿ ಮೊಟ್ಟಮೊದಲನೆಯದು, ನೀನು ಕಡೆಯದಾಗಿ ಓದಿದ ಗ್ರಂಥದಲ್ಲಿ ಕೂಟಕ್ಕೆ ತಿಳಿಸತಕ್ಕಂಥ ವಿಶೇಷವೇನನ್ನಾದರೂ ಕಂಡೆಯಾ ಎಂಬ ಅರ್ಥದ್ದು. ಈ ಒಂದು ಪ್ರಶ್ನೆಯ ಬಲವನ್ನು ವಾಚಕರು ಆಲೋಚಿಸಬೇಕು. ಎಷ್ಟು ಓದಿದೆ ಎಂದು ಅದು ಕೇಳುವುದಿಲ್ಲ, ಏನು ಕಂಡೆ ಎಂದು ಕೇಳುತ್ತದೆ. ಓದದೆ ಬಂದವನು ತಲೆ ತಗ್ಗಿಸಬೇಕು. ಮತ್ತೊಬ್ಬನು ಓದಿ ಹೇಳಿದ ಪುಸ್ತಕವನ್ನೇ ತಾನೂ ಓದಿ ಬಂದವನಿಗೆ ಹೊಸದಾಗಿ ಹೇಳುವುದು ಹೆಚ್ಚೇನೂ ಇರುವುದಿಲ್ಲ. ಆದುದರಿಂದ ಯಾರೂ ಕಾಣದ ಪುಸ್ತಕವನ್ನು ಹುಡುಕಿ ತೆಗೆಯುವ ಆಸೆ ತಾನಾಗಿ ಹುಟ್ಟುತ್ತದೆ. ಈ ಕೂಟದಲ್ಲಿದ್ದ ಪಾದರಕ್ಷೆಯ ಕಸಬಿನವನು ಮುಂದೆ ಆ ಪ್ರಾಂತದ ಭೂಮಾಪನ ಇಲಾಖೆಯ ಮುಖ್ಯಾಧಿಕಾರಿಯಾದನು. ಗಾಜು ಕೂಡಿಸುವವನು ಗಣಿತದಲ್ಲಿ ಪ್ರವೀಣನಾಗಿ ನಾವಿಕರಿಗೆ ಉಪಯುಕ್ತವಾದ ಯಂತ್ರವನ್ನು ಕಲ್ಪಿಸಿದನು.

ಫ್ರಾಂಕ್ಲಿನ್ನನು ಆಟವನ್ನೂ ಪಂಥಕ್ಕೆ ಹೂಡಿದ ಪ್ರಸಂಗವೊಂದುಂಟು. 1733ರಲ್ಲಿ ಆತನು ಫ್ರೆಂಚ್, ಇಟಾಲಿಯನ್ ಮೊದಲಾದ ಭಾಷೆಗಳ ವ್ಯಾಸಂಗಕ್ಕೆ ತೊಡಗಿದನು. ಇಟಾಲಿಯನ್ ಕಲಿಯುತ್ತಿದ್ದ ಸ್ನೇಹಿತನೊಬ್ಬನು ಆತನನ್ನು ಮೇಲಿಂದ ಮೇಲೆ ಚದುರಂಗಕ್ಕೆ ಕರೆಯುತ್ತಿದ್ದನು. ಹೊತ್ತು ವ್ಯರ್ಥವಾಗುವುದನ್ನು ಕಂಡು ಫ್ರಾಂಕ್ಲಿನ್ನನು ಒಂದು ಕಟ್ಟಳೆ ಮಾಡಿದನು: ಆಟದಲ್ಲಿ ಗೆದ್ದವನು ಸೋತವನಿಗೆ ವ್ಯಾಕರಣದ ಒಂದು ಭಾಗವನ್ನು ಬಾಯಿಪಾಠ ಮಾಡುವ, ಇಲ್ಲವೇ ಒಂದು ಭಾಗವನ್ನು ಭಾಷಾಂತರಿಸುವ ಕೆಲಸವನ್ನು ವಿಧಿಸಬಹುದು, ಸೋತವನು ಮುಂದಿನ ಭೇಟಿಯೊಳಗಾಗಿ ಅದನ್ನು ಮಾನಕ್ಕೆ ಕಟ್ಟುಬಿದ್ದು ಮುಗಿಸಬೇಕು. ಇಬ್ಬರೂ ಸಮಬಲದ ಆಟಗಾರರು. ಆದಕಾರಣ ಇಬ್ಬರಿಗೂ ಸೋಲು ದೊರೆಯಿತು, ಇಬ್ಬರಿಗೂ ಭಾಷೆ ಬಂತು.

ಕೂಟದ ಚರ್ಚೆಗಳಲ್ಲಿ ಪುಸ್ತಕಗಳನ್ನು ನೋಡಬೇಕಾದ ಪ್ರಸಂಗಗಳು ಹೆಚ್ಚಿದಾಗ, ಸದಸ್ಯರೆಲ್ಲರೂ ತಮ್ಮ ತಮ್ಮ ಪುಸ್ತಕಗಳನ್ನು ಒಂದೇ ಕೊಠಡಿಯಲ್ಲಿ ಇಟ್ಟರೆ ಒಬ್ಬೊಬ್ಬನಿಗೂ ಎಲ್ಲರ ಪುಸ್ತಕಗಳೂ ದೊರೆತಂತಾಯಿತೆಂದು ಫ್ರಾಂಕ್ಲಿನ್ನನು ಸೂಚಿಸಿದನು. ಹಾಗೆಯೇ ನಡೆಯಿತು. ಆದರೆ ನೋಡಿಕೊಳ್ಳುವವರಿಲ್ಲದೆ ಪುಸ್ತಕಗಳು ಕೆಟ್ಟವು. ಸುಮಾರು ಒಂದು ವರ್ಷದ ಮೇಲೆ ಅವರವರು ತಮ್ಮದನ್ನು ಮನೆಗೆ ಒಯ್ದರು. ಮತ್ತೊಬ್ಬನಾಗಿದ್ದರೆ ಅಷ್ಟಕ್ಕೆ ಕೈ ಬಿಡುತ್ತಿದ್ದನು. ಫ್ರಾಂಕ್ಲಿನ್ನನು 1731ರಲ್ಲಿ ಚಂದಾದಾರರ ಪುಸ್ತಕಾಲಯವೊಂದರ ಕರಾರುಪತ್ರವನ್ನು ಬರೆಯಿಸಿದನು. ಮೊದಲು ನಲವತ್ತು ಶಿಲಿಂಗು, ಆಮೇಲೆ ವರ್ಷಕ್ಕೆ ಹತ್ತು ಶಿಲಿಂಗು. ಓದುವವರು ಅಷ್ಟು ವಿರಳವಾಗಿದ್ದ ಆ ನಗರದಲ್ಲಿ ಬಹಳ ಪ್ರಯಾಸದಿಂದ ಐವತ್ತು ಜನರನ್ನು ಕೂಡಿಸಿದನು. ಅವರಲ್ಲಿ ಬಹುಮಂದಿ ಎಳೆಯ ವಯಸ್ಸಿನ ಕಸಬುಗಾರರು. ತಾನೇ ಮುಂದಾಳೆಂದು ತೋರಿಸಿಕೊಂಡರೆ ಜನ ಹಿಂಜರಿಯುವರೆಂದು ಕಂಡು, ಇದು ಕೆಲವು ಗೆಳೆಯರ ಯೋಜನೆಯೆಂದು ಹೇಳಿ ತಾನು ಮರೆಯಲ್ಲಿ ನಿಂತನು. ಸಾರ್ವಜನಿಕ ಕಾರ್ಯಗಳಲ್ಲಿ ತೊಡಗುವವರು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

1732ರಲ್ಲಿ ಲಂಡನ್ನಿಗೆ ಹೋದ ಮೊದಲನೆಯ ಪುಸ್ತಕಪಟ್ಟಿಯಲ್ಲಿ ಪಂಡಿತರ ಲ್ಯಾಟಿನ್ನಿಗೆ ಬದಲಾಗಿ ಕಸಬುಗಾರರು ಓದಬಲ್ಲ ಅವರ ಮನೆಮಾತಿನ ಪುಸ್ತಕಗಳಿಗೆ ಪ್ರಾಶಸ್ತ್ಯ ದೊರೆತುದನ್ನು ನಾವು ವಿಶೇಷವಾಗಿ ಹೇಳಬೇಕು. ವಾರಕ್ಕೊಂದು ದಿನ ಚಂದಾದಾರರಿಗೆ ಪುಸ್ತಕ ಕೊಡುತ್ತಿದ್ದರು. ಹಿಂದಿರುಗಿಸದಿದ್ದರೆ ಎರಡರಷ್ಟು ಬೆಲೆ ಕೊಡುವೆನೆಂದು ಕೈಬರಹ ಕೊಡಬೇಕಾಗಿತ್ತು. ಫ್ರಾಂಕ್ಲಿನ್ನನೇ ಕೆಲವು ತಿಂಗಳು ಗ್ರಂಥಪಾಲನಾಗಿ ದುಡಿದನು. ದಿನಕ್ಕೆ ಒಂದೆರಡು ಗಂಟೆ ಓದಿಗಾಗಿ ಮೀಸಲಿಟ್ಟು, ತಪ್ಪಿಹೋದ ಶಾಲಾವಿದ್ಯೆಯನ್ನು ಅಲ್ಲಿ ಗಳಿಸಿದನು. ಈ ಪುಸ್ತಕಾಲಯವನ್ನು ನೋಡಿ ಇತರ ಊರುಗಳಲ್ಲಿಯೂ ಅಂಥವು ಹುಟ್ಟಿದವು.

ಫಲವೇನಾಯಿತೆಂದು ಕೇಳುವವರಿಗೆ ಎರಡು ಸಂಗತಿಗಳು ಸಾಕು. ಈ ಪುಸ್ತಕಾಲಯಕ್ಕೆ ಲಂಡನ್ನಿನಿಂದ ಪುಸ್ತಕ ಕಳುಹಿಸಲು ನೆರವಾಗುತ್ತಿದ್ದ ಪೀಟರ್ ಕಾಲಿನ್‌ಸನ್ ಎಂಬ ಮಹನೀಯನು ವಿದ್ಯುತ್ತಿನ ಪ್ರಯೋಗಕ್ಕಾಗಿ ಒಂದು ಗಾಜಿನ ಕೊಳವೆಯನ್ನೂ ಕಳುಹಿಸಿದನು. ಅದರಿಂದ ಆರಂಭವಾದ ಪ್ರಯೋಗಗಳು ಫ್ರಾಂಕ್ಲಿನ್ನನಿಗೆ 1753ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕವನ್ನು ತಂದುಕೊಟ್ಟವು. 1774ರಲ್ಲಿ ವಸಾಹತುಗಳ ಪ್ರತಿನಿಧಿಗಳು ತಮ್ಮ ಹಕ್ಕುಗಳಿಗಾಗಿ ಪ್ರಥಮ ಕಾಂಗ್ರೆಸ್ಸಾಗಿ ಫಿಲಡೆಲ್ಫಿಯಾದ ಕಾರ್ಪೆಂಟರ್ಸ್ ಹಾಲಿನಲ್ಲಿ ನೆರೆದಾಗ, ಅದೇ ಕಟ್ಟಡದ ಮಹಡಿಯಲ್ಲಿ ಈ ಪುಸ್ತಕಾಲಯವಿತ್ತು. ಅದರ ಪುಸ್ತಕಗಳನ್ನು ಬಳಸುವ ಅನುಮತಿಯು ಪ್ರತಿನಿಧಿಗಳಿಗೆ ದೊರೆಯಿತು. ಸಾಮಾನ್ಯ ರೈತರೂ ಕಸಬುಗಾರರೂ ತಮ್ಮ ಹಕ್ಕುಗಳಿಗಾಗಿ ನಿಂತುದರಲ್ಲಿ ಇಂಥ ಪುಸ್ತಕಾಲಯಗಳ ಪಾಲೂ ಇದ್ದಿತೆಂದು ಫ್ರಾಂಕ್ಲಿನ್ನನು ನಂಬಿದ್ದನು.

ಆತನಲ್ಲಿ ಕಲಂಕವಿರಲಿಲ್ಲವೆಂದು ನಾವು ಹೇಳುವುದಿಲ್ಲ. ಆತನ ಮನೆಯಲ್ಲಿ ಗುಲಾಮರಿದ್ದರು. ಆತನ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತುಗಳು ಅಚ್ಚಾಗುತ್ತಿದ್ದವು. 1763ರಲ್ಲಿ ಫಿಲಡೆಲ್ಫಿಯಾದ ನೀಗ್ರೋ ಮಕ್ಕಳ ಶಾಲೆಗೆ ಹೋಗಿ ಅವರು ಓದುವುದನ್ನು ಕಣ್ಣಾರೆ ಕಂಡ ಮೇಲೆ, ಅವರ ಬುದ್ಧಿಶಕ್ತಿಯ ವಿಷಯದಲ್ಲಿ ತನಗಿದ್ದ ಅಭಿಪ್ರಾಯವನ್ನು ಬದಲಾಯಿಸಿಕೊಂಡನು. 1787ರಲ್ಲಿ ಗುಲಾಮಗಿರಿಯ ವಿರುದ್ಧದ ಸಂಘಕ್ಕೆ ಅಧ್ಯಕ್ಷನಾಗಿ, 1790ರಲ್ಲಿ ಆ ಅನಿಷ್ಟವನ್ನು ನಿಲ್ಲಿಸಬೇಕೆಂಬ ಮನವಿಯನ್ನು ಕಾಂಗ್ರೆಸ್ಸಿಗೆ ಕಳುಹಿಸಿದನು. ಅದು ಆತನ ಕಡೆಯ ಸಾರ್ವಜನಿಕ ಕಾರ್ಯಗಳಲ್ಲೊಂದು. ಆ ವರ್ಷದ ಏಪ್ರಿಲ್ 17ರಂದು 84ರ ವಯಸ್ಸಿನಲ್ಲಿ ತೀರಿಕೊಂಡನು.

ಮುಪ್ಪಿನಲ್ಲಿ ನಡೆದ ಮತ್ತೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಮ್ಯಾಸಚೂಸೆಟ್ಸ್ ಪ್ರಾಂತದ ಒಂದು ಊರು 1778ರಲ್ಲಿ ಆತನ ಹೆಸರನ್ನೇ ಇಟ್ಟುಕೊಂಡು, ತಮ್ಮ ದೇವಾಲಯಕ್ಕೆ ಒಂದು ಘಂಟೆಯನ್ನು ದಾನ ಮಾಡಬೇಕೆಂದು ಬೇಡಿತು. ಫ್ರಾಂಕ್ಲಿನ್ನನು ಘಂಟೆಯ ನಾದಕ್ಕಿಂತ ಗ್ರಂಥದ ಅರ್ಥವೇ ಮೇಲೆಂದು ತಿಳಿದು, ಘಂಟೆಗೆ ಬದಲು 116 ಪುಸ್ತಕಗಳನ್ನು ಕಳುಹಿಸಿದನು. ಅವನ್ನು ಯಾರಿಗೆ ಕೊಡಬೇಕೆಂದು ಆ ಊರಿನವರು ಬಹುಕಾಲ ವಾದಿಸಿ, 1790ರಲ್ಲಿ ಊರಿನ ನಿವಾಸಿಗಳೆಲ್ಲರಿಗೂ ಉಚಿತವಾಗಿ ಕೊಡತಕ್ಕದ್ದೆಂದು ನಿರ್ಣಯಿಸಿದರು.

ಇನ್ನು ಮೊದಲು ಎತ್ತಿದ ವಾದಕ್ಕೆ ಬರೋಣ. ಓದಿಗೆ ಪಂಥ ಬೇಕೇ ಬೇಡವೇ? ಬೇಕೆಂದೇ ನಮ್ಮ ಮತ. ಆದರೆ ಎಣಿಕೆಯ ಪಂಥವು ಬೀಜದ ಹೊಟ್ಟು ಮಾತ್ರ. ಬರಿಯ ಸಂಖ್ಯೆಯನ್ನು ತುಂಬಿಸಲು ತೆಳ್ಳಗಿನ ಪುಸ್ತಕಗಳನ್ನೇ ಆರಿಸಿಕೊಂಡವನು ವರ್ಷಾಂತ್ಯದಲ್ಲಿ ಗೆಲ್ಲಬಹುದು, ಬೆಳೆಯಲಾರನು. ಫ್ರಾಂಕ್ಲಿನ್ನನ ಪಂಥದಲ್ಲಿ ಮೂರು ಗುಣಗಳಿದ್ದವು. ಓದಿದುದಕ್ಕೆ ಸ್ನೇಹಿತರ ಮುಂದೆ ಲೆಕ್ಕ ಒಪ್ಪಿಸಬೇಕಾಗಿತ್ತು; ತನ್ನ ರುಚಿಯ ಬೇಲಿಯನ್ನು ದಾಟಿ ಹೊಸ ಗ್ರಂಥವನ್ನು ಹುಡುಕಬೇಕಾಗಿತ್ತು; ಒಬ್ಬನ ಓದು ಎಲ್ಲರ ಸ್ವತ್ತಾಗುತ್ತಿತ್ತು.

ನಮ್ಮ ಪಟ್ಟಣಗಳಲ್ಲಿ ಇದು ಅಸಾಧ್ಯವೇನಲ್ಲ. ಕಚೇರಿಯ ಗುಮಾಸ್ತರು, ಉಪಾಧ್ಯಾಯರು, ವಕೀಲರು, ವರ್ತಕರು ಹನ್ನೆರಡು ಜನ ವಾರಕ್ಕೊಂದು ಸಂಜೆ ಕೂಡಿದರೆ ಸಾಕು. ಒಬ್ಬನು ಇತಿಹಾಸವನ್ನೂ ಮತ್ತೊಬ್ಬನು ಕೃಷಿಯನ್ನೂ ಮತ್ತೊಬ್ಬನು ಹಳಗನ್ನಡ ಕಾವ್ಯವನ್ನೂ ಓದಿ ಬಂದು, ಕಂಡುದನ್ನು ಹೇಳಲಿ. ಪುಸ್ತಕಗಳೆಲ್ಲಿ ಎಂದು ಕೇಳುವ ಹಾಗಿಲ್ಲ. ಫ್ರಾಂಕ್ಲಿನ್ನನು ಐವತ್ತು ಚಂದಾದಾರರಿಗಾಗಿ ಮನೆಮನೆ ಅಲೆಯಬೇಕಾಯಿತು. ನಮ್ಮಲ್ಲಿಯಾದರೋ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಮೇರೆಗೆ ಪಟ್ಟಣದ ಪ್ರತಿಯೊಬ್ಬ ಗೃಹಸ್ಥನೂ ಆಸ್ತಿಯ ತೆರಿಗೆಯೊಡನೆ ಗ್ರಂಥಾಲಯದ ಕರವನ್ನು ತೆರುತ್ತಿದ್ದಾನೆ. ಅಂದರೆ ನಾವೆಲ್ಲರೂ ಚಂದಾ ಕೊಟ್ಟಾಗಿದೆ. ಕೊಟ್ಟ ಹಣಕ್ಕೆ ಪುಸ್ತಕವನ್ನು ಕೇಳಿ ಪಡೆಯುವುದೂ, ಪಡೆದುದನ್ನು ಓದುವುದೂ, ಓದಿದುದನ್ನು ನಾಲ್ಕು ಜನರಿಗೆ ತಿಳಿಸುವುದೂ ಮಾತ್ರ ಉಳಿದಿದೆ. ಆ ಪಂಥಕ್ಕೆ ನಮ್ಮ ವಾಚಕರು ಮುಂದಾಗಲೆಂದು ನಾವು ಹಾರೈಸುತ್ತೇವೆ.