‘ಸರ್’ ಆಗಲೊಲ್ಲದ ಫ್ಯಾರಡೆ

ತಂತಿಸುರುಳಿ, ದಂಡಕಾಂತ, ಗ್ಯಾಲ್ವನೋಮೀಟರ್ ಹಿಡಿದು ಬೋಧನಾಭ್ಯಾಸಕ್ಕೆ ಹೋಗುವ ನಮಗೆ ಮೈಕೆಲ್ ಫ್ಯಾರಡೆಯವರ ನಿಯಮ ಗೊತ್ತು. ಅವರ ಬದುಕನ್ನು ಹೇಳುವಷ್ಟು ಸಮಯ ಪಾಠಯೋಜನೆಯಲ್ಲಿ ಉಳಿಯುವುದಿಲ್ಲ.

1791ರ ಸೆಪ್ಟೆಂಬರ್ 22ರಂದು ಲಂಡನ್ ಬಳಿ ಕಮ್ಮಾರರೊಬ್ಬರ ಮನೆಯಲ್ಲಿ ಹುಟ್ಟಿದ ಅವರಿಗೆ ಶಾಲೆಯಲ್ಲಿ ದಕ್ಕಿದ್ದು ಓದು, ಬರಹ, ಅಷ್ಟಿಷ್ಟು ಲೆಕ್ಕ ಮಾತ್ರ. 14ನೇ ವಯಸ್ಸಿಗೆ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿದರು. ಏಳು ವರ್ಷ ಅಲ್ಲಿದ್ದು, ರಟ್ಟು ಕಟ್ಟಲು ಬಂದ ಪುಸ್ತಕಗಳನ್ನೇ ಓದಿದರು. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟಿನಿಂದ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳಿ, ಬರೆದುಕೊಂಡ ಟಿಪ್ಪಣಿಗಳಿಗೆ ತಾವೇ ರಟ್ಟು ಕಟ್ಟಿ ಡೇವಿಯವರಿಗೆ ಕಳಿಸಿದರು. ಮರುವರ್ಷ ಅಲ್ಲೇ ಪ್ರಯೋಗಾಲಯದ ಸಹಾಯಕರಾದರು.

ಡೇವಿ ದಂಪತಿಯೊಂದಿಗೆ ಯೂರೋಪ್ ಪ್ರವಾಸಕ್ಕೆ ಹೋದಾಗ ಆಳಿನ ಕೆಲಸವೂ ಇವರ ತಲೆಗೇ ಬಂತು. ಡೇವಿಯವರ ಪತ್ನಿ ಇವರನ್ನು ಸೇವಕನಂತೆಯೇ ನಡೆಸಿಕೊಂಡರು. ಅವಮಾನ ನುಂಗಿಕೊಂಡ ಆ ಪ್ರವಾಸದಲ್ಲೇ ಆಂಪಿಯರ್, ವೋಲ್ಟಾ ಅವರನ್ನು ಕಂಡು ಬಂದರು.

ಹೆಚ್ಚು ನೋವಾಗಿದ್ದು ಆಮೇಲೆ. 1821ರಲ್ಲಿ ವಿದ್ಯುತ್ ಹರಿಯುವ ತಂತಿಯನ್ನು ಕಾಂತದ ಸುತ್ತ ತಿರುಗಿಸಿ ತೋರಿಸಿದಾಗ, ಅದು ವೊಲಾಸ್ಟನ್ ಅವರ ಆಲೋಚನೆಯ ಕಳವು ಎಂಬ ಗುಸುಗುಸು ಎದ್ದಿತು. 1824ರಲ್ಲಿ ರಾಯಲ್ ಸೊಸೈಟಿಗೆ ಆಯ್ಕೆಯಾಗುವಾಗ ವಿರೋಧಿಸಿದವರು ಅಧ್ಯಕ್ಷ ಡೇವಿಯವರೇ. ಆದರೂ ಫ್ಯಾರಡೆ ಆಯ್ಕೆಯಾದರು. ಡೇವಿಯವರ ಬಗ್ಗೆ ಗೌರವದಿಂದಲೇ ಮಾತಾಡುತ್ತ ಬಂದರು. ನಮ್ಮಲ್ಲಿ ಎಷ್ಟು ಜನರಿಗೆ ಇದು ಸಾಧ್ಯವೋ!

1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಯ ಎರಡು ಬದಿಗೆ ತಂತಿ ಸುತ್ತಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡರು. ನಾವು ತರಗತಿಯಲ್ಲಿ ತೋರಿಸುವ, ಸುರುಳಿಯೊಳಗೆ ಕಾಂತ ತೂರಿಸುವ ಪ್ರಯೋಗ ಅದೇ ಅಕ್ಟೋಬರ್ 17ರದು. ದಿನಚರಿಯಲ್ಲಿ ಪ್ರಯೋಗಗಳನ್ನು ಕ್ರಮಸಂಖ್ಯೆ ಹಾಕಿ ಬರೆಯುತ್ತಿದ್ದರು. ಆ ಸಂಖ್ಯೆ 16,000 ದಾಟಿತು. ಕೈಕೊಟ್ಟ ಪ್ರಯೋಗಗಳೂ ಅದರಲ್ಲಿವೆ. ಗುರುತ್ವಕ್ಕೂ ವಿದ್ಯುತ್ತಿಗೂ ನಂಟು ಹುಡುಕಿ ಸೋತಾಗ ಆ ಸೋಲನ್ನೂ ಪ್ರಕಟಿಸಿದರು. ಗಣಿತ ತಮಗೆ ಬಾರದೆಂಬುದನ್ನು ಮುಚ್ಚಿಡಲಿಲ್ಲ. 1857ರಲ್ಲಿ ತಮಗಿಂತ 40 ವರ್ಷ ಕಿರಿಯರಾದ ಮ್ಯಾಕ್ಸ್‌ವೆಲ್ ಅವರಿಗೆ ಪತ್ರ ಬರೆದು, ಗಣಿತದಿಂದ ಪಡೆದ ಫಲಿತಾಂಶಗಳನ್ನು ಸಾಮಾನ್ಯ ಭಾಷೆಯಲ್ಲೂ ಹೇಳಲಾಗದೇ ಎಂದು ಕೇಳಿದರು. ವಿಜ್ಞಾನ ಶಿಕ್ಷಕರಾಗಲಿರುವ ನಮ್ಮ ಕಡೆಗೂ ತಿರುಗಿದ ಪ್ರಶ್ನೆಯಿದು.

ಅವರು ಎಲ್ಲವನ್ನೂ ತಿರಸ್ಕರಿಸಿದ ವಿರಾಗಿಯೇನಲ್ಲ. ಸರ್ಕಾರದಿಂದ ವರ್ಷಕ್ಕೆ 300 ಪೌಂಡ್ ಪಿಂಚಣಿ ಪಡೆದರು. ವಿದ್ವತ್ ಸಂಸ್ಥೆಗಳ ಗೌರವಗಳನ್ನು ಸ್ವೀಕರಿಸಿದರು. ಬೇಡವೆಂದದ್ದು ‘ಸರ್’ ಪದವಿಯನ್ನು, ಮತ್ತು ಎರಡು ಸಲ ರಾಯಲ್ ಸೊಸೈಟಿಯ ಅಧ್ಯಕ್ಷ ಸ್ಥಾನವನ್ನು. ಲೌಕಿಕ ಪ್ರತಿಷ್ಠೆಗೆ ಬೆಲೆ ಕೊಡದ ಒಂದು ಪುಟ್ಟ ಕ್ರೈಸ್ತ ಪಂಗಡದವರಾಗಿದ್ದದ್ದೂ ಇದಕ್ಕೆ ಕಾರಣವಿರಬೇಕು. ಮಕ್ಕಳಿಗಾಗಿ ನಡೆಯುವ ಕ್ರಿಸ್‌ಮಸ್ ಉಪನ್ಯಾಸಗಳಿಗೆ ಮಾತ್ರ ಬೇಡವೆನ್ನಲಿಲ್ಲ. 1827ರಿಂದ ಆರಂಭಿಸಿ 19 ಸರಣಿ ಕೊಟ್ಟರು. 1860ರ ಕೊನೆಯ ಸರಣಿಗೆ ಆರಿಸಿಕೊಂಡದ್ದು ಒಂದು ಮೇಣದಬತ್ತಿಯನ್ನು. ಅವರಿಗಾಗ 69 ವರ್ಷ.

1867ರ ಆಗಸ್ಟ್ 25ರಂದು ತೀರಿಕೊಂಡರು. ಲಂಡನ್ನಿನ ಹೈಗೇಟ್ ಸ್ಮಶಾನದ ಕಲ್ಲಿನ ಮೇಲೆ ಇರುವುದು ಹೆಸರು, ಹುಟ್ಟಿದ ದಿನ, ತೀರಿಕೊಂಡ ದಿನ.