ಎಡಿಸನ್ನನೂ ಅವನ ಕಬ್ಬಿಣದ ಬ್ಯಾಟರಿಯೂ

ಕಾಳಗದ ಯಂತ್ರಮಾನವನನ್ನು ಕಟ್ಟುವ ಹುಚ್ಚು ಈಗ ನಮ್ಮ ವಿದ್ಯಾರ್ಥಿಗಳನ್ನೂ ಹಿಡಿದಿದೆ. ಮುಂಬಯಿಯ ಐ.ಐ.ಟಿ.ಯ ಟೆಕ್‌ಫೆಸ್ಟ್ ಉತ್ಸವದಲ್ಲಿ ಇಂಥ ಯಂತ್ರಗಳ ಹೋರಾಟವನ್ನು ನೋಡಿ ಬಂದವರು, ಅದಕ್ಕೆ ಯಾವ ಬ್ಯಾಟರಿಯನ್ನು ಹಾಕಬೇಕೆಂದು ನನ್ನನ್ನು ಕೇಳುತ್ತಾರೆ. ಒಳ್ಳೆಯ ಬ್ಯಾಟರಿಗಾಗಿ ಸುಮಾರು ಹತ್ತು ವರ್ಷ ಸವೆಸಿದ ಒಬ್ಬ ಮಹಾಶಯನ ಕಥೆಯೇ ಅವರಿಗೆ ನನ್ನ ಉತ್ತರ.

ಥಾಮಸ್ ಆಲ್ವಾ ಎಡಿಸನ್ನನು 1847ನೆಯ ಫೆಬ್ರವರಿ 11ರಂದು ಅಮೆರಿಕದ ಓಹಾಯೊ ಪ್ರಾಂತದ ಮಿಲಾನ್ ಎಂಬ ಊರಿನಲ್ಲಿ ಜನಿಸಿದನು. ಶಾಲೆಯ ಭಾಗ್ಯ ಕೆಲವೇ ತಿಂಗಳು, ತಾಯಿಯೇ ಗುರುವಾದಳು. ರೈಲಿನಲ್ಲಿ ಪತ್ರಿಕೆ ಮಾರಿದನು, ತಂತಿ ಕಳಿಸುವ ಕೆಲಸ ಕಲಿತನು. 1877ರ ಫೋನೋಗ್ರಾಫ್, 1879ರ ವಿದ್ಯುದ್ದೀಪ ಇವುಗಳ ವಿಷಯವನ್ನು ನೀವು ಪಾಠಗಳಲ್ಲಿ ಓದಿದ್ದೀರಿ.

ಐವತ್ತು ದಾಟಿದ ಮೇಲೆ ಅವನಿಗೆ ಬ್ಯಾಟರಿಯ ಗೀಳು ಹತ್ತಿತು. ಆಗಿನ ವಿದ್ಯುತ್ ಕಾರುಗಳಲ್ಲಿದ್ದುದು ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ. ಅದು ಬಲು ಭಾರ, ಆಯುಷ್ಯವೂ ಕಡಮೆ. ಎಡಿಸನ್ನನು ಆಮ್ಲವನ್ನು ಬಿಟ್ಟು ಕ್ಷಾರವನ್ನು ಹಿಡಿದನು. ನಿಕಲ್, ಕಬ್ಬಿಣಗಳನ್ನು ಫಲಕಗಳಿಗೆ ಆರಿಸಿದನು. ಸಾವಿರಾರು ಪ್ರಯೋಗಗಳಾದುವು. ಆದರೆ ಮಾರಾಟಕ್ಕೆ ಬಂದ ಕೋಶಗಳು ಸೋರತೊಡಗಿದುವು, ಅವುಗಳ ಶಕ್ತಿಯೂ ಕುಂದಿತು. ಅವನು ತಯಾರಿಕೆಯನ್ನೇ ನಿಲ್ಲಿಸಿ, ಕೆಟ್ಟ ಕೋಶಗಳನ್ನು ಸ್ವಂತ ಖರ್ಚಿನಲ್ಲಿ ಹಿಂದಕ್ಕೆ ಪಡೆದನು. ಅವನ ದೀಪಕ್ಕಿಂತ ಈ ಒಂದು ನಡತೆ ನನಗೆ ದೊಡ್ಡದೆನಿಸುತ್ತದೆ. 1909ರಲ್ಲಿ ಹೊಸ ಬ್ಯಾಟರಿ ಹೊರಬಂದಿತು. ಅದು ನಿಜವಾಗಿ ಗಟ್ಟಿಮುಟ್ಟಾಗಿತ್ತು.

ಅಷ್ಟಾದರೂ ಅದು ಸೋತಿತು. ಏಕೆ? ಚಳಿಗಾಲದ ಒಂದು ಬೆಳಗ್ಗೆ ವೈಜಾಪುರದಲ್ಲಿ ನಾನೊಂದು ಟೆಂಪೋ ನೋಡಿದೆ. ದೀಪಗಳು ಉರಿಯುತ್ತಿದ್ದುವು; ಎಂಜಿನ್ ಮಾತ್ರ ಹೊರಳಲೊಲ್ಲದು. ಕೊನೆಗೆ ನಾಲ್ವರು ತಳ್ಳಬೇಕಾಯಿತು. ದೀಪಕ್ಕೆ ಬೇಕಾದುದು ಸ್ವಲ್ಪ ವಿದ್ಯುತ್ತು, ಬಹಳ ಹೊತ್ತು. ಎಂಜಿನ್ ಹೊರಳಿಸುವ ಮೋಟಾರಿಗೆ ಬೇಕಾದುದು ನೂರಾರು ಆಂಪಿಯರ್, ಒಂದೆರಡು ಕ್ಷಣ. ಎಡಿಸನ್ನನ ಬ್ಯಾಟರಿಯ ಒಳರೋಧ ಹೆಚ್ಚು, ಚಳಿಯಲ್ಲಿ ಇನ್ನೂ ಹೆಚ್ಚು; ಒಮ್ಮೆಲೇ ಸುರಿಯಲು ಅದಕ್ಕಾಗದು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂದಾಗ, ಆ ಸ್ಥಾನ ದೊರೆತುದು ಹಳೆಯ ಸೀಸದ ಬ್ಯಾಟರಿಗೇ.

ಯುದ್ಧಯಂತ್ರಕ್ಕೂ ಅವನ ಬ್ಯಾಟರಿ ಹೋಯಿತು. ಜಲಾಂತರ್ಗಾಮಿ ನೌಕೆಯಲ್ಲಿ ಸೀಸದ ಬ್ಯಾಟರಿಗೆ ಉಪ್ಪುನೀರು ಬೆರೆತರೆ ಕ್ಲೋರಿನ್ ಎಂಬ ವಿಷವಾಯು ಏಳುತ್ತದೆ. ಇವನದರಲ್ಲಿ ಆ ಭಯವಿರಲಿಲ್ಲ. ಆದರೆ 1916ರ ಜನವರಿ 15ರಂದು ನ್ಯೂಯಾರ್ಕಿನ ನೌಕಾಂಗಣದಲ್ಲಿ ಈ–2 ಎಂಬ ನೌಕೆಯೊಳಗೆ ಜಲಜನಕ ತುಂಬಿ ಸ್ಫೋಟವಾಯಿತು, ಕೆಲವರು ಮಡಿದರು. ಒಂದು ಅಪಾಯವನ್ನು ಕಳೆದ ಬ್ಯಾಟರಿ ಇನ್ನೊಂದನ್ನು ಒಳಗಿಟ್ಟುಕೊಂಡಿತ್ತು.

ನಿಮ್ಮ ಯಂತ್ರಮಾನವನ ಗತಿಯೂ ಹೀಗೆಯೇ. ಎದುರಾಳಿಗೆ ತಾಗಿ ಮೋಟಾರು ನಿಂತ ಕ್ಷಣ ಅದು ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ತೂಕಕ್ಕೆ ಮಿತಿಯಿರುವುದರಿಂದ ಇಂದು ಬಹುಮಂದಿ ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಆರಿಸುತ್ತಾರೆ. ಅದರ ಮೇಲೆ 5 ಆಂಪಿಯರ್–ಗಂಟೆ, 40 ಸಿ ಎಂದು ಬರೆದಿದ್ದರೆ, ಐದು ನಲವತ್ತಲ ಇನ್ನೂರು ಆಂಪಿಯರ್ ಕೊಡಬಲ್ಲುದೆಂದು ಅರ್ಥ. (ತಯಾರಕರ ಈ ಅಂಕಿಗಳು ತುಸು ಉದಾರವಾಗಿರುತ್ತವೆ, ಪೂರ್ತಿ ನಂಬಬೇಡಿ.) ಅದಕ್ಕೆ ಮೊಳೆ ಚುಚ್ಚಿದರೆ ಬೆಂಕಿ. ಆದುದರಿಂದ ಅದನ್ನು ಚೌಕಟ್ಟಿನ ನಡುವೆ, ಮೆತ್ತೆಯ ಆಸರೆಯಲ್ಲಿ ಇಡುತ್ತಾರೆ.

ಎಡಿಸನ್ನನು 1931ನೆಯ ಅಕ್ಟೋಬರ್ 18ರಂದು ಕಾಲವಾದನು. ಕಾರು ಒಲ್ಲದ ಅವನ ಬ್ಯಾಟರಿಗಳು ಗಣಿಗಾರರ ದೀಪಗಳಲ್ಲಿಯೂ ರೈಲ್ವೆ ಸಿಗ್ನಲ್ಲುಗಳಲ್ಲಿಯೂ, ಸ್ವಲ್ಪ ಸ್ವಲ್ಪವಾಗಿ ಶಕ್ತಿ ಬೇಕಾದ ಕಡೆಗಳಲ್ಲಿ, ಅವನ ತರುವಾಯವೂ ದಶಕಗಳ ಕಾಲ ದುಡಿದುವು.